ಕೊಲೊಬೋಮಾ ಕಣ್ಣಿನ ಪೊರೆ: ಕಾಸರಗೋಡಿನ ಬದಿಯಡ್ಕದಲ್ಲಿ ನಾನು ತೆಗೆಯುವ ಬಗೆ

ಹುಟ್ಟಿನಿಂದಲೇ ಐರಿಸ್ (ಕಣ್ಣಿನ ಬಣ್ಣದ ಪದರ) ಸೀಳಿರುವ, ಅಂದರೆ ಕೊಲೊಬೋಮಾ ಇರುವ ಕಣ್ಣಿನ ಪೊರೆಯನ್ನು ಸಣ್ಣ ಗಾಯ ಮಾಡಿ ಕೈಯಿಂದಲೇ ತೆಗೆಯುವ ಎಸ್‌ಐಸಿಎಸ್‌ನಲ್ಲಿ ತೆಗೆಯುತ್ತೇನೆ ಎಂದಾಗ ಮಂಗಳೂರಿನ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. ಪೊರೆಯನ್ನು ಶಬ್ದತರಂಗದಿಂದ ಒಡೆದು ಹೀರುವ ಫೇಕೋ ಯಂತ್ರವಿಲ್ಲದೆ, ಪಕ್ಕದಲ್ಲಿ ರೆಟಿನಾ ಸರ್ಜನ್ ಇಲ್ಲದೆ ಕೈ ಹಾಕಬೇಡ ಎಂದರು. ಬೀಡಿ ಕಟ್ಟಿ ಬದುಕುವ ಹೆಂಗಸು ಆ ದಾರಿಯ ನಲವತ್ತು ಸಾವಿರವನ್ನು ಎಲ್ಲಿಂದ ತರಬೇಕು? ನನ್ನಲ್ಲಿ ಏಳೆಂಟು ಸಾವಿರದೊಳಗೆ ಮುಗಿಯುತ್ತದೆ. ಅದರಲ್ಲಿ ಸಿಟಿಆರ್ (ಕಣ್ಣಿನ ಮಸೂರದ ಚೀಲವನ್ನು ಒಳಗಿನಿಂದ ಬಿಗಿಯಾಗಿ ಹಿಡಿದಿಡುವ ಉಂಗುರ) ಒಂದಕ್ಕೇ ಸಾವಿರದೈನೂರರ ಆಸುಪಾಸು.

ಆ ಖರ್ಚನ್ನೂ ಉಳಿಸೋಣವೆಂದು ಮೊದಮೊದಲು ಉಂಗುರವಿಲ್ಲದೆ ಮಾಡಿ ನೋಡಿದೆ. ಪೊರೆಯ ಗಟ್ಟಿ ತಿರುಳಾದ ನ್ಯೂಕ್ಲಿಯಸ್ ಸಲೀಸಾಗಿ ಬರುತ್ತಿತ್ತು. ಅದರ ಸುತ್ತಲಿನ ಮೆದು ಭಾಗವಾದ ಕಾರ್ಟೆಕ್ಸ್ ತೆಗೆಯುವಾಗ ಸೀಳಿನ ಕಡೆ, ಚೀಲವನ್ನು ತೂಗಿ ಹಿಡಿಯುವ ಎಳೆಗಳಾದ ಝೋನ್ಯೂಲ್‌ಗಳ ಆಸರೆಯಿಲ್ಲದ ಬ್ಯಾಗ್ (ಆ ಚೀಲ) ಜೋತುಬಿದ್ದು, ಹೀರುವ ಸಿಮ್ಕೋ ನಳಿಕೆಯ ಬಾಯಿಗೆ ಸಿಕ್ಕುತ್ತಿತ್ತು. ಎರಡು ಮೂರು ಕಣ್ಣುಗಳಲ್ಲಿ ಕಣ್ಣಿನ ಹಿಂಭಾಗದ ಲೋಳೆಯಾದ ವಿಟ್ರಿಯಸ್ ಮುಂದೆ ಬಂತು, ಲೆನ್ಸ್ ಹಾಕಲಾಗಲಿಲ್ಲ. ಲೆನ್ಸಿನ ಪವರ್ ಲೆಕ್ಕಕ್ಕೆ ಕಣ್ಣಿನ ಉದ್ದ ಅಳೆಯುವ ಎ-ಸ್ಕ್ಯಾನ್ ಕೂಡ ಕೈಕೊಟ್ಟಿತು: ಸೀಳು ಹಿಂದಕ್ಕೂ ಚಾಚಿ ಕಣ್ಣಿನ ಹಿಂಗೋಡೆಯಲ್ಲಿ ಆದ ಗುಂಡಿಯ ತಳ ಲೆಕ್ಕಕ್ಕೆ ಬಂದು ಉದ್ದ ಹೆಚ್ಚು ತೋರಿಸಿ, ಒಬ್ಬರಿಗೆ ಪ್ಲಸ್ ಮೂರರಷ್ಟು ನಂಬರು ಉಳಿಯಿತು. ಈಗ ಕಣ್ಣಿನ ಒಳಗಿನ ಚಿತ್ರ ತೋರಿಸುವ ಬಿ-ಸ್ಕ್ಯಾನ್ ನೋಡದೆ ಲೆನ್ಸ್ ತರಿಸುವುದಿಲ್ಲ.

ಸೀಳು ಸಾಮಾನ್ಯವಾಗಿ ಮೂಗಿನ ಕಡೆ ಕೆಳಗಿರುವುದರಿಂದ ಟನಲ್ (ಒಳಹೋಗುವ ಗಾಯ) ಮೇಲ್ಗಡೆ, ತುಸು ಕಿವಿಯ ಕಡೆಗೆ. ಟ್ರಿಪಾನ್ ಬ್ಲೂ ಬಣ್ಣ ಹಾಕಿ ರೆಕ್ಸಿಸ್ (ಬ್ಯಾಗಿನ ಮುಂಭಾಗದ ದುಂಡು ಬಾಯಿ) ಅಗಲವಾಗಿ ತೆಗೆಯುತ್ತೇನೆ. ಅಂಚು ಹರಿದರೆ ಉಂಗುರದ ಆಸೆ ಬಿಡಬೇಕು. ನ್ಯೂಕ್ಲಿಯಸ್ ಹೊರಬಿದ್ದೊಡನೆ, ಕಾರ್ಟೆಕ್ಸ್ ಮುಟ್ಟುವ ಮೊದಲೇ ಸಿಟಿಆರ್. ಕಾರ್ಟೆಕ್ಸ್ ಉಂಗುರದಡಿ ಸಿಕ್ಕಿಕೊಳ್ಳುತ್ತದೆ ಎಂದು ಎಲ್ಲರೂ ಎಚ್ಚರಿಸಿದ್ದರು. ಸಿಕ್ಕಿಕೊಳ್ಳುತ್ತದೆ ನಿಜ, ನಡುವಿಗೆ ಎಳೆಯದೆ ಅಂಚಿನ ಉದ್ದಕ್ಕೆ ಸವರಿದಂತೆ ಎಳೆದರೆ ಬಿಡಿಸಿಕೊಂಡು ಬರುತ್ತದೆ. ಕಂದು ಬಣ್ಣಕ್ಕೆ ತಿರುಗಿದ ಗಟ್ಟಿ ನ್ಯೂಕ್ಲಿಯಸ್ಸನ್ನು ಬ್ಯಾಗಿನಿಂದ ಹೊರಳಿಸುವ ನನ್ನ ಕೈಚಳಕವನ್ನು ಇಲ್ಲಿ ಬರೆಯುವುದಿಲ್ಲ. ಬಂದು ನೋಡಿದವರಿಗೆ ಕಲಿಸಿಕೊಡುತ್ತೇನೆ. ಕೊನೆಗೆ ಆರೂವರೆ ಮಿಲಿಮೀಟರಿನ ಗಟ್ಟಿ ಪ್ಲಾಸ್ಟಿಕ್ಕಿನ ಪಿಎಂಎಂಎ ಲೆನ್ಸ್, ಅದರ ಒಂದು ಹ್ಯಾಪ್ಟಿಕ್ (ಆಧಾರದ ಕಾಲು) ಸೀಳಿನ ಕಡೆಗೇ.

ಐರಿಸ್ ಸೀಳಿನಿಂದಾಗಿ ಬಿಸಿಲು ಕಣ್ಣಿಗೆ ಚುಚ್ಚುತ್ತದೆ ಎನ್ನುವವರಿಗಾಗಿ ಬೇರೊಂದು ಪ್ರಯೋಗವನ್ನೂ ಮಾಡಿದೆ. ಕಪ್ಪು ಕನ್ನಡಕ ಕೊಟ್ಟರೆ ತೋಟದಲ್ಲಿ ಯಾರೂ ಹಾಕುವುದಿಲ್ಲ. ಅಡಿಕೆ ಹಾಳೆಯ ಟೋಪಿಯಾದ ಮುಟ್ಟಾಳೆಗೆ ಹಣೆಯ ಮುಂದೆ ಎರಡಂಗುಲ ಚಾಚುವಂತೆ ತುಂಡೊಂದನ್ನು ಹೊಲಿಸಿ ಕೊಟ್ಟೆ. ಅದನ್ನು ಹಾಕಿಕೊಂಡೇ ಅಡಿಕೆ ಹೆಕ್ಕುತ್ತಿದ್ದಾರೆ.

ಉಂಗುರ ಬಂದ ಮೇಲೆ ಹದಿನೈದರಷ್ಟು ಕಣ್ಣುಗಳಾದವು, ವಿಟ್ರಿಯಸ್ ಒಂದರಲ್ಲೂ ಬಂದಿಲ್ಲ. ಬೆರಳೆಣಿಸಲೂ ಆಗದಿದ್ದವರಲ್ಲಿ ಹೆಚ್ಚಿನವರು ದೃಷ್ಟಿ ಚಾರ್ಟಿನಲ್ಲಿ 6/36, ಕೆಲವರು 6/24 ಓದುತ್ತಾರೆ. ಕಣ್ಣಿನ ಹಿಂಭಾಗದ ಸೀಳಿನಿಂದಾದ ಮೇಲ್ಭಾಗದ ದೃಷ್ಟಿಯ ಕೊರತೆ ಹಾಗೆಯೇ ಉಳಿಯುತ್ತದೆ. ಅದನ್ನು ಮನೆಯವರಿಗೆ ಮೊದಲೇ ಹೇಳಿಬಿಡುತ್ತೇನೆ. ಮೊದಲು ಬೇಡವೆಂದ ಗೆಳೆಯರೊಬ್ಬರು ಈಗ ಇಂಥ ರೋಗಿಗಳನ್ನು ನನ್ನ ಬಳಿಗೇ ಕಳುಹಿಸುತ್ತಾರೆ. ಕಣ್ಣಿನ ಮುಂದಿನ ಪಾರದರ್ಶಕ ಕಾರ್ನಿಯಾ ಹತ್ತು ಮಿಲಿಮೀಟರಿಗಿಂತ ಚಿಕ್ಕದಿದ್ದರೆ ಮಾತ್ರ ನಾನು ಮಂಗಳೂರಿಗೆ ಬರೆದುಕೊಡುತ್ತೇನೆ.