ಅಡಿಕೆ ಸುಲಿಯೋ ಹೊತ್ತಿಗೆ ಫೋನ್ ಮಾಡಿ

ಶಿರಸಿ ಬಿಟ್ಟು ಬೆಂಗಳೂರಿಗೆ ಬಂದು 11 ವರ್ಷ ಆತು. ಶುರುವಲ್ಲಿ ಎಲ್ಲರ ಹಾಗೆ ನಾವು ಊರಿನ ಗೆಳೆಯರೂ ಒಂದು ವಾಟ್ಸಾಪ್ ಗ್ರೂಪ್ ಮಾಡ್ಕಂಡ್ವಿ, ಆರು ತಿಂಗಳಲ್ಲಿ ಅದ್ರಲ್ಲಿ ಗುಡ್ ಮಾರ್ನಿಂಗ್ ಹೂವು ಬಿಟ್ರೆ ಏನೂ ಉಳೀಲಿಲ್ಲ. ಈಗ ನಿಜಕ್ಕೂ ಮಾತು ಉಳಿದಿರೋದು ಇಬ್ಬರ ಜೊತೆ, ಅದ್ರಲ್ಲಿ ಒಬ್ಬ ಊರಲ್ಲೇ ತೋಟ ಮಾಡ್ಕಂಡಿದಾನೆ.

ಮೊದ್ಲು ನಾನು ಫೋನ್ ಮಾಡ್ತಿದ್ದಿದ್ದು ನಂಗೆ ಪುರುಸೊತ್ತಾದಾಗ, ಅಂದ್ರೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ. ಅವನು ಆ ಹೊತ್ತಿಗೆ ತೋಟದಲ್ಲಿ, ತಗ್ಗು ಜಾಗ, ಸಿಗ್ನಲ್ ಬೇಕಂದ್ರೆ ಗುಡ್ಡೆ ಹತ್ಬೇಕು. ಒಂದು ಮಳೆಗಾಲದಲ್ಲಿ ಮೂರು ವಾರ ಉತ್ತರಾನೇ ಇಲ್ಲ, ಇನ್ನು ನಾನಾಗಿ ಮಾಡಲ್ಲ ಅಂತ ಇಲ್ಲಿ ಮುಖ ಊದಿಸ್ಕೊಂಡು ಕೂತೆ. ಆಮೇಲೆ ಗೊತ್ತಾತು, ಅಲ್ಲಿ ಮರ ಬಿದ್ದು ಕರೆಂಟಿಲ್ಲ, ಟವರಿಲ್ಲ, ಅದ್ರ ಮೇಲೆ ತೋಟಕ್ಕೆ ಕೊಳೆ ರೋಗ ಬಂದು, ಮಳೆ ಒಂಚೂರು ಹೊಳವಾದ್ರೆ ಬೋರ್ಡೋ ಮದ್ದು ಹೊಡೆಸ್ಬೇಕು ಅಂತ ಅವನು ಮರ ಹತ್ತೋ ಕೊನೆಗೌಡನ ಹಿಂದೆ ಓಡಾಡ್ತಿದ್ದ. ನಾನೂ ಅಡಿಕೆ ತೋಟದ ಮನೇಲೇ ಹುಟ್ಟಿದವ, ನಾಚಿಕೆ ಆತು.

ಆವಾಗಿಂದ ಅವನ ಕ್ಯಾಲೆಂಡರ್ ಹಿಡಿದೆ. ಮಳೆಗಾಲದಲ್ಲಿ ವಾಯ್ಸ್ ಮೆಸೇಜ್ ಮಾತ್ರ, ಗುಡ್ಡೆ ಹತ್ತಿದಾಗ ಕೇಳ್ಲಿ. ‘ಹೇಗಿದೀಯ’ ಅಂದ್ರೆ ‘ಆರಾಮು’ ಅಂತಾನೆ, ಮುಗೀತು. ‘ಎರಡನೇ ಮದ್ದು ಆತಾ’ ಅಂದ್ರೆ ಮದ್ದಿಗೆ ಹಾಕೋ ಮೈಲುತುತ್ತದ ರೇಟಿಂದ ಶುರುವಾಗಿ ಅವನ ಅಮ್ಮನ ಮಂಡಿನೋವಿಗೆ ಬಂದು ನಿಲ್ಲತ್ತೆ.

ಬೆಸ್ಟ್ ಟೈಮು ಅಂದ್ರೆ ಅಡಿಕೆ ಕೊನೆ ಕೊಯ್ಲು, ಡಿಸೆಂಬರ್ ಜನವರಿ. ರಾತ್ರಿ ಊಟ ಆದ್ಮೇಲೆ ಮೆಟ್ಟುಗತ್ತಿ ಮುಂದೆ ಸುಲಿಯೋಕೆ ಕೂತಿರ್ತಾನೆ, ಎರಡೂ ಕೈ ಬಿಜಿ, ಬಾಯಿ ಖಾಲಿ. ಈಗ ಮನೆಗೆ ಫೈಬರ್ ಬಂದಿದೆ (ಮಳೆಗಾಲದಲ್ಲಿ ಅದನ್ನ ನಂಬ್ಕಬಾರ್ದು), ಸ್ಪೀಕರಿಗೆ ಹಾಕಿ ಪಕ್ಕಕ್ಕಿಡ್ತಾನೆ, ನಾನಿಲ್ಲಿ ಪಾತ್ರೆ ತೊಳೀತಿರ್ತೀನಿ. ಐದೈದು ನಿಮಿಷ ಯಾರೂ ಮಾತಾಡದೇ ಇದ್ರೂ ಕಟ್ ಮಾಡಲ್ಲ, ಸಿಪ್ಪೆ ಬಿಡೋ ಚರಕ್, ಅಡಿಕೆ ಬುಟ್ಟಿಗೆ ಬೀಳೋ ಟಕ್ ಕೇಳ್ತಿರತ್ತೆ, ಸುಲಿಯೋಕೆ ಬಂದವ್ರು ಯಾರೋ ‘ಯಾರಾ ಅದು ಫೋನಲ್ಲಿ’ ಅಂತಾರೆ.

ಭೇಟಿಗೆ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ, ಡೇಟು ಮೊದ್ಲೇ ಗೊತ್ತಾಗತ್ತೆ, ರಜೆ ಸಿಗ್ಲಿಲ್ಲ ಅನ್ನೋ ನೆಪ ನಡೆಯಲ್ಲ. 2024ರ ಮಾರ್ಚಲ್ಲಿ ಜಾತ್ರೆ ನಡೆಯೋ ಬಿಡ್ಕಿಬೈಲಿನ ರಶ್ಶಲ್ಲಿ ಅರ್ಧ ತಾಸು ಹುಡುಕಾಡಿ ಕೊನೆಗೆ ಮಿರ್ಚಿ ಭಜಿ ಅಂಗಡಿ ಮುಂದೆ ಸಿಕ್ಕ. ನಾನು ಎರಡು ವರ್ಷದ ಮಾತು ಹೊತ್ಕಂಡು ಹೋಗಿದ್ದೆ. ಅವನು ‘ನಡಿಯೋ, ಮೊದ್ಲು ತೊಟ್ಲು ಹತ್ತಣ’ ಅಂದ.