ಪರಿಹಾರ ಶಿಬಿರದಲ್ಲಿ ಕ್ರೇಯಾನ್, ಜೇಡಿಮಣ್ಣು, ಹಾಡು

ನೆರೆಯೋ ಭೂಕಂಪವೋ ಆದಮೇಲೆ ಶಿಬಿರದಲ್ಲಿ ಚಿತ್ರ ಬಿಡಿಸುವ, ಹಾಡುವ ಕೂಟ ನಡೆಸುವಾಗ ನಾವು ಮುರಿಯದ ನಿಯಮ ಒಂದೇ: ‘ಆದದ್ದನ್ನೇ ಬಿಡಿಸಿ’ ಎಂದು ಯಾರಿಗೂ ಹೇಳುವುದಿಲ್ಲ. ನೊಂದವರನ್ನು ಕೂರಿಸಿ ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಸುವುದು ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಮೊದಲು ಕೈಗೆ ಕೆಲಸ. ಮಾತು ಬಂದರೆ ಬರಲಿ.

ಗುಂಪಿಗೆ 8ರಿಂದ 10 ಜನ, 45 ನಿಮಿಷ, ನಡೆಸುವವರು ಇಬ್ಬರು. ಯಾರಾದರೂ ಅಳುತ್ತಾ ಎದ್ದುಹೋದರೆ ಒಬ್ಬರು ಹಿಂದೆ ಹೋಗಬೇಕು, ಇತ್ತ ಕೆಲಸ ನಿಲ್ಲಬಾರದು.

ಖಾಲಿ ದೊಡ್ಡ ಹಾಳೆ ಕಂಡರೆ ದೊಡ್ಡವರು ಕೈಕಟ್ಟಿ ಕೂರುತ್ತಾರೆ. ಎ4 ಹಾಳೆಯನ್ನು ಅರ್ಧ ಮಾಡಿ, ಅಂಚಿನಿಂದ ಒಂದು ಬೆರಳು ಒಳಗೆ ಚೌಕಟ್ಟು ಎಳೆದು ಕೊಡಿ. ಅಂಚು ತುಂಬುತ್ತಲೇ ಕೈ ಸಡಿಲವಾಗುತ್ತದೆ. ಮೊದಲ ದಿನ ಮೇಣದ ಕ್ರೇಯಾನ್ ಸಾಕು. ಜಲವರ್ಣದಲ್ಲಿ ನೀರು ತುಸು ಹೆಚ್ಚಾದರೂ ಬಣ್ಣ ಹರಿದು ಚಿತ್ರ ಕೈಮೀರುತ್ತದೆ. ಬದುಕೇ ಕೈಮೀರಿದೆ ಅನ್ನಿಸಿದವರಿಗೆ ಅದೂ ಬೇಕೇ? ಜೇಡಿಮಣ್ಣು ಒಂದೊಂದು ಮುಷ್ಟಿ. ಆದರೆ ನೆರೆ, ಭೂಕುಸಿತದ ನಂತರ ಒದ್ದೆ ಮಣ್ಣಿನ ವಾಸನೆಯೇ ಆ ರಾತ್ರಿಯನ್ನು ಎಳೆದು ತರಬಹುದು. ಆಗ ಹಳೇ ಬಟ್ಟೆಯ ಪಟ್ಟಿಗಳನ್ನು ಹೆಣೆಯಲು ಕೊಡುತ್ತೇವೆ. ಹಿಟ್ಟಿನ ಮುದ್ದೆ ಬೇಡ. ಊಟಕ್ಕೆ ಸಾಲು ನಿಂತವರೆದುರು ಹಿಟ್ಟಿನಲ್ಲಿ ಆಡುವುದು ತರವಲ್ಲ.

ಹಾಡಿಗೆ ಮುಂಚೆ ಬಾಯಿಮುಚ್ಚಿ ಗುನುಗು: 4 ಎಣಿಕೆ ಉಸಿರು ಒಳಗೆ, 6 ಎಣಿಕೆ ಹೊರಗೆ. ಹೊರಬಿಡುವ ಉಸಿರು ಉದ್ದವಾದಷ್ಟೂ ಎದೆಬಡಿತ ತಗ್ಗುತ್ತದೆ. ಹಾಡು ಅದನ್ನು ತಾನಾಗಿಯೇ ಮಾಡಿಸುತ್ತದೆ. ಶ್ರುತಿ ತಗ್ಗಿನಲ್ಲಿರಲಿ. ದುಃಖಕ್ಕೆ ಗಂಟಲು ಬಿಗಿದಿರುತ್ತದೆ, ಮೇಲಿನ ಸ್ವರಕ್ಕೆ ದನಿ ಒಡೆದರೆ ಮತ್ತೆ ಬಾಯಿ ತೆರೆಯುವುದಿಲ್ಲ. ಮಕ್ಕಳನ್ನು ಕಳೆದುಕೊಂಡವರಿರುವಲ್ಲಿ ಜೋಗುಳ ಎತ್ತಬೇಡಿ. ಡೋಲಿನ ಹಠಾತ್ ಪೆಟ್ಟಿಗೂ ಜನ ಬೆಚ್ಚುತ್ತಾರೆ.

ಬರೆಸುವುದನ್ನು ಮೊದಲ ವಾರಗಳಲ್ಲಿ ಬಿಟ್ಟುಬಿಡಿ. ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ದಿನಕ್ಕೆ 15 ನಿಮಿಷದಂತೆ 4 ದಿನ ನೋವನ್ನು ಬರೆದವರಿಗೆ, ಬರೆದ ಕೂಡಲೇ ದುಗುಡ ಹೆಚ್ಚಿತ್ತು. ಪ್ರಯೋಜನ ಕಂಡದ್ದು ನಂತರದ ತಿಂಗಳುಗಳಲ್ಲಿ.

ಸ್ವಯಂಸೇವಕರ ದೊಡ್ಡ ಚಟ ಅರ್ಥ ಹೇಳುವುದು. ‘ಬರೀ ಕಪ್ಪು ಬಳಿದಿದ್ದಾರೆ, ಖಿನ್ನತೆಯೇ ಇರಬೇಕು’ ಅನ್ನುತ್ತಾರೆ. ಡಬ್ಬಿಯಲ್ಲಿ ಉಳಿದಿದ್ದದ್ದೇ ಕಪ್ಪು ಕ್ರೇಯಾನ್ ಇರಬಹುದು. ಸಾಯುವ ಮಾತು ಬಂದರೆ ಮಾತ್ರ ಚಿತ್ರ ಬದಿಗಿಟ್ಟು, ಅವರನ್ನು ಒಂಟಿಯಾಗಿ ಬಿಡದೆ ಅಂದೇ ಮನೋವೈದ್ಯರ ಬಳಿ ಕರೆದೊಯ್ಯಬೇಕು.

ಕೊನೆಯ 10 ನಿಮಿಷ ಕೈ ತೊಳೆಯಲು, ಸಾಮಾನು ಎಣಿಸಿ ಜೋಡಿಸಲು. ಚಿತ್ರ ಅವರದು, ಗೋಡೆಗೆ ಅಂಟಿಸುವುದಿಲ್ಲ, ಫೋಟೊ ತೆಗೆಯುವುದಿಲ್ಲ. ಬಿಟ್ಟುಹೋದದ್ದನ್ನು ಹಿಂಬದಿಯಲ್ಲಿ ದಿನಾಂಕ ಬರೆದು ಎತ್ತಿಡುತ್ತೇವೆ. ನಾಲ್ಕು ದಿನ ಬಿಟ್ಟು ಕೇಳಿಕೊಂಡು ಬರುವವರಿರುತ್ತಾರೆ.