ಹಳೆಯ ಬ್ಲಾಕ್‌ಗಳಲ್ಲಿ ಹರ್-2 ಫಿಶ್: ನನ್ನ ಅನುಭವ

ಸ್ತನ ಕ್ಯಾನ್ಸರ್‌ನಲ್ಲಿ ಹರ್-2 ಜೀನ್‌ನ ಪ್ರತಿಗಳು ಹೆಚ್ಚಿವೆಯೇ ಎಂದು, ಅದಕ್ಕೆ ಅಂಟಿ ಹೊಳೆಯುವ ಡಿಎನ್‌ಎ ತುಣುಕು (ಪ್ರೋಬ್) ಹಾಕಿ ಚುಕ್ಕೆ ಎಣಿಸುವ ಪರೀಕ್ಷೆ ಫಿಶ್; ಬ್ಲಾಕ್ ಎಂದರೆ ಮೇಣದಲ್ಲಿ ಹುದುಗಿಸಿಟ್ಟ ಗಡ್ಡೆಯ ತುಣುಕು. ಅಂಗಾಂಶ ಕೆಡದಂತೆ ಇಡುವ ಫಾರ್ಮಲಿನ್ ದ್ರಾವಣದಲ್ಲಿ ವಾರಗಟ್ಟಲೆ ಬಿದ್ದಿದ್ದ ಸ್ತನದ ಗಡ್ಡೆಗಳಲ್ಲಿ ಫಿಶ್ ಸಂಕೇತ ಬರುವುದೇ ಇಲ್ಲ, ಹೊಸ ಬಯಾಪ್ಸಿ ಕೇಳಿ ಎಂದು ನಮ್ಮ ಪ್ರಯೋಗಾಲಯದ ಹಿರಿಯರೆಲ್ಲ ಹೇಳುತ್ತಿದ್ದರು. ಹರ್-2 ಪ್ರೋಟೀನ್‌ಗೆ ಬಣ್ಣ ಹಾಕಿ ನೋಡುವ ಐಎಚ್‌ಸಿ ಪರೀಕ್ಷೆಯಲ್ಲಿ 2+, ಅಂದರೆ ಖಚಿತವಲ್ಲದ ಫಲಿತಾಂಶ ಬಂದು, ಗಡ್ಡೆಯನ್ನು ಆಗಲೇ ತೆಗೆದುಹಾಕಿರುವ ರೋಗಿಯಿಂದ ಹೊಸ ತುಣುಕನ್ನು ಎಲ್ಲಿಂದ ತರುವುದು?

ಮೊದಲ ಎರಡು ತಿಂಗಳು ಬರೀ ನಷ್ಟ. ಒಂದು ಸ್ಲೈಡಿನ ಪ್ರೋಬ್‌ಗೆ ನಾಲ್ಕೈದು ಸಾವಿರ ರೂಪಾಯಿ ತಗಲುತ್ತಿತ್ತು. ಹತ್ತು ಹನ್ನೆರಡು ಸ್ಲೈಡ್‌ಗಳಲ್ಲಿ ಹಸಿರು ಮಂಜಿನ ಹೊರತು ಏನೂ ಕಾಣಲಿಲ್ಲ. ಪ್ರೋಬ್ ಒಳಹೋಗಲೆಂದು ಪ್ರೋಟೀನ್ ಕರಗಿಸುವ ಪೆಪ್ಸಿನ್‌ನ ಸಮಯವನ್ನು 20 ನಿಮಿಷದಿಂದ ಒಮ್ಮೆಲೇ ಒಂದು ಗಂಟೆಗೆ ಏರಿಸಿದಾಗ ಕೋಶಕೇಂದ್ರಗಳ ನಡುಭಾಗ ಕರಗಿ, ಬಳೆಯಂತೆ ಅಂಚು ಮಾತ್ರ ಉಳಿಯಿತು.

ಕೊನೆಗೆ ಕೈಹಿಡಿದದ್ದು ಪ್ರೋಬ್ ಹಾಕುವ ಮೊದಲೇ ಡಿಎನ್‌ಎಗೆ ನೀಲಿ ಹೊಳಪು ಕೊಡುವ ಡ್ಯಾಪಿ ಬಣ್ಣ ಹಾಕಿ ನೋಡುವ ಕ್ರಮ. ಅಂಚು ಸ್ಪಷ್ಟವಾಗಿಲ್ಲದಿದ್ದರೆ ಸ್ಲೈಡನ್ನು ತೊಳೆದು, ಐದೈದು ನಿಮಿಷದಂತೆ ಮತ್ತೆ ಪೆಪ್ಸಿನ್‌ನಲ್ಲಿಟ್ಟು, ಕೋಶಕೇಂದ್ರ ತಿಳಿಯಾದ ಮೇಲಷ್ಟೇ ಪ್ರೋಬ್‌ಗೆ ಕೈಹಾಕಿದೆ. 10 ಮೈಕ್ರೋಲೀಟರ್ ಬದಲು 5 ಮೈಕ್ರೋಲೀಟರ್ ಹಾಕಿ ಚಿಕ್ಕ ಕವರ್‌ಸ್ಲಿಪ್ ಮುಚ್ಚಿದ್ದರಿಂದ ಖರ್ಚು ಅರ್ಧಕ್ಕಿಳಿಯಿತು. ಪೆಪ್ಸಿನ್‌ಗೂ ಮೊದಲಿನ ಬಿಸಿ ದ್ರಾವಣದಲ್ಲಿ ಮಾಡಿಕೊಂಡ ಒಂದು ಬದಲಾವಣೆಯನ್ನು ಸದ್ಯಕ್ಕೆ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ. ಕೈಬಿಟ್ಟಿದ್ದ ಸುಮಾರು 40 ಬ್ಲಾಕ್‌ಗಳ ಪೈಕಿ ಮೂವತ್ತಕ್ಕೂ ಹೆಚ್ಚು ಬ್ಲಾಕ್‌ಗಳಲ್ಲಿ 20 ಕೋಶಗಳನ್ನು ನೆಮ್ಮದಿಯಾಗಿ ಎಣಿಸಿದೆ. ಆಗುವುದಿಲ್ಲ ಎಂದಿದ್ದವರೇ ಈಗ ತಮ್ಮ ಬ್ಲಾಕ್‌ಗಳನ್ನು ನನಗೆ ಕಳುಹಿಸುತ್ತಾರೆ.

ಇದೇ ಹುರುಪಿನಲ್ಲಿ ಕೆಲವು ಲೋಬ್ಯುಲಾರ್ (ಸ್ತನ ಕ್ಯಾನ್ಸರ್‌ನ ಒಂದು ಬಗೆ) ಗಡ್ಡೆಗಳಲ್ಲಿ 1ನೇ ವರ್ಣತಂತುವಿನ ಉದ್ದ ತೋಳಿನ (1ಕ್ಯು) ಹೆಚ್ಚಳ ಮತ್ತು 16ನೆಯದರ ಉದ್ದ ತೋಳಿನ (16ಕ್ಯು) ನಷ್ಟವನ್ನೂ ಹುಡುಕಿದೆ. 4 ಮೈಕ್ರಾನ್ ಸೀಳಿನಲ್ಲಿ ಕೋಶಕೇಂದ್ರವೇ ತುಂಡಾಗುವುದರಿಂದ ಇಲ್ಲದ ನಷ್ಟವೂ ಇದ್ದಂತೆ ತೋರುತ್ತದೆ; ಅದೇ ಸ್ಲೈಡಿನ ಆರೋಗ್ಯವಂತ ನಾಳದ ಕೋಶಗಳನ್ನು ಎಣಿಸಿ ಹೋಲಿಸದೆ ನಾನು ಯಾವ ನಷ್ಟವನ್ನೂ ಒಪ್ಪಲಿಲ್ಲ.

ಹೆಚ್ಚು ಕಾಡಿದ್ದು ಹರ್-2 ಜೀನ್ ಇರುವ 17ನೇ ವರ್ಣತಂತು. ಒಂದು ಗಡ್ಡೆಯಲ್ಲಿ ಹರ್-2ರ ಕಿತ್ತಳೆ ಚುಕ್ಕೆಗಳು ಸರಾಸರಿ ಐದು, ಆ ವರ್ಣತಂತುವಿನ ಎರಡು ತೋಳುಗಳು ಕೂಡುವ ಸೆಂಟ್ರೋಮಿಯರ್‌ನ ಹಸಿರು ಚುಕ್ಕೆಗಳು ಮೂರೂವರೆ, ಅನುಪಾತ 1.4ರ ಆಸುಪಾಸು. ಪಾಲಿಸೋಮಿ, ಅಂದರೆ ಇಡೀ ವರ್ಣತಂತುವಿನ ಪ್ರತಿಗಳೇ ಹೆಚ್ಚಿವೆ ಎಂದು ಎಲ್ಲರೂ ಷರಾ ಬರೆದುಬಿಡುವಂತಿತ್ತು. ವರದಿಗಾಗಿ ಅಲ್ಲ, ನನ್ನ ಸಮಾಧಾನಕ್ಕಾಗಿ ಅದರ ಗಿಡ್ಡ ತೋಳಿನ (17ಪಿ) ಪ್ರೋಬ್ ಹಾಕಿದರೆ ಬಹುತೇಕ ಕೋಶಗಳಲ್ಲಿ ಎರಡೇ ಚುಕ್ಕೆಗಳು. ಹೆಚ್ಚಿದ್ದು ಇಡೀ ವರ್ಣತಂತುವಲ್ಲ, ಸೆಂಟ್ರೋಮಿಯರ್ ಸುತ್ತಲಿನ ತುಂಡು ಮಾತ್ರ.